ಬಡಿಸುವವನ ಕಣ್ಣು ಎಲೆಯ ಮೇಲಿರಬೇಕು

ಇಂಟರ್ನ್‌ಶಿಪ್ ಮುಗಿದ ದಿನ ನನ್ನ ಕಡತಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ನೋಡಿದೆ. ಪಾಠ ಯೋಜನೆಗಳು, ವೀಕ್ಷಣಾ ದಾಖಲೆ, ಘಟಕ ಪರೀಕ್ಷೆಯ ನೀಲನಕ್ಷೆ, ವ್ಯಕ್ತಿ ಅಧ್ಯಯನ, ಕ್ರಿಯಾ ಸಂಶೋಧನೆ, ಚಿಂತನಶೀಲ ದಿನಚರಿ ಎಲ್ಲವೂ ಇದ್ದವು. ಪ್ರತಿ ಪುಟಕ್ಕೂ ಮಾರ್ಗದರ್ಶಕರ ಸಹಿ ಬಿದ್ದಿತ್ತು. ಆದರೆ ಈ ಎರಡು ವರ್ಷಗಳಲ್ಲಿ ನನ್ನನ್ನು ಹೆಚ್ಚು ತಿದ್ದಿದ ಮೂರು ವಸ್ತುಗಳ ಹೆಸರು ಆ ರಾಶಿಯಲ್ಲಿ ಎಲ್ಲಿಯೂ ಇರಲಿಲ್ಲ. ಅವು ಮುದ್ದೆ ಕೋಲು, ಸಾರಿನ ಬಕೆಟ್ ಮತ್ತು ಅನ್ನದ ಸೌಟು.

ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಇಷ್ಟೇ. ಶಿಕ್ಷಕನಾಗಲು ಹೊರಟವನು ಗಂಡಾಗಲಿ ಹೆಣ್ಣಾಗಲಿ, ತನ್ನ ತರಬೇತಿಯ ಅವಧಿಯಲ್ಲಿ ಅಡುಗೆಯನ್ನೂ ಬಡಿಸುವುದನ್ನೂ ಕಲಿಯಬೇಕು. ಅದು ಕಾಲೇಜಿನ ಕೆಲಸಗಳ ಪಟ್ಟಿಯಲ್ಲಿಯೇ ಇರಬೇಕು. ಇದು ಊಟದ ಮಾತಲ್ಲ, ಬೋಧನೆಯ ಮಾತು. ನನ್ನ ತಪ್ಪುಗಳನ್ನೇ ಆಧಾರವಾಗಿಟ್ಟುಕೊಂಡು ಅದನ್ನು ವಿವರಿಸುತ್ತೇನೆ.

ಗಂಟಾದ ಮುದ್ದೆ

ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯವನು. ಗಣಿತ ಓದಿ ಬಿ.ಎಸ್ಸಿ. ಮುಗಿಸುವವರೆಗೆ ಮನೆಯಲ್ಲಿ ಒಂದು ಲೋಟ ಕಾಫಿಯನ್ನೂ ನಾನಾಗಿ ಕಾಯಿಸಿಕೊಂಡವನಲ್ಲ. ಅವ್ವ, ಅಕ್ಕ ಇದ್ದರು. ಕೆಲಸ ಅವರದು, ಊಟ ನನ್ನದು. ಸಿರಿಗೆರೆಗೆ ಬಂದು ಇಬ್ಬರು ಗೆಳೆಯರೊಡನೆ ಬಾಡಿಗೆ ಕೋಣೆ ಹಿಡಿದ ಮೇಲೆ ಪಾಳಿಯ ಪ್ರಕಾರ ಅಡುಗೆ ಮಾಡಲೇಬೇಕಾಯಿತು. ನನ್ನ ಪಾಲಿಗೆ ಮೊದಲು ಬಂದದ್ದು ರಾಗಿಮುದ್ದೆ.

ಎಸರು ಕುದಿಯುವುದಕ್ಕೂ ಮೊದಲೇ ಹಿಟ್ಟನ್ನೆಲ್ಲ ಒಟ್ಟಿಗೆ ಸುರಿದು ತಿರುವಿದೆ. ನೋಡಲು ಮುದ್ದೆಯೇ. ಮುರಿದರೆ ಒಳಗೆಲ್ಲ ಒಣಹಿಟ್ಟಿನ ಗಂಟುಗಳು. ಮನೆಯೊಡತಿ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ ನಕ್ಕರು. "ಏನಪ್ಪಾ ತಮ್ಮಾ, ಹಿಟ್ಟಿಗೆ ಬೇಯಾಕೆ ಪುರುಸೊತ್ತೇ ಕೊಡಲಿಲ್ಲವಲ್ಲ ನೀನು. ಮೊದಲು ಒಂದಿಷ್ಟು ಹಿಟ್ಟು ನೀರಲ್ಲಿ ಕಲಸಿ ಎಸರಿಗೆ ಬಿಡು. ಅದು ಕುದ್ದು ಉಕ್ಕಿ ಬರಲಿ. ಆಮೇಲೆ ಉಳಿದದ್ದು ಹಾಕಿ, ಕೋಲಲ್ಲಿ ನಡುವೆ ತೂತು ಮಾಡಿ ಬೇಯೋಕೆ ಬಿಡು. ತಿರುವೋದು ಕೊನೇಲಿ."

ಅಜ್ಜಿ ಹೇಳಿದ್ದಕ್ಕೆ ಕಾರಣವಿದೆ. ರಾಗಿಯಲ್ಲಿ ಗೋಧಿಯಂತೆ ಅಂಟು ಹಿಡಿಯುವ ಗ್ಲೂಟೆನ್ ಇಲ್ಲ. ಬಿಸಿನೀರಿನಲ್ಲಿ ಪಿಷ್ಟ ಉಬ್ಬಿ ಅಂಟಾಗುವುದರಿಂದಲೇ ಮುದ್ದೆ ಮುದ್ದೆಯಾಗುತ್ತದೆ. ಹಿಟ್ಟನ್ನು ಒಮ್ಮೆಲೇ ಸುರಿದು ತಿರುವಿದರೆ ಉಂಡೆಯ ಹೊರಪದರ ಮೊದಲು ಬೆಂದು ಅಂಟಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟೇ ತಿರುವಿದರೂ ಒಳಗಿನ ಹಿಟ್ಟಿಗೆ ನೀರು ತಲುಪುವುದಿಲ್ಲ.

ಅದೇ ವಾರ ಕಾಲೇಜಿನಲ್ಲಿ ಸೂಕ್ಷ್ಮ ಬೋಧನೆ ನಡೆಯುತ್ತಿತ್ತು. ವಿವರಣಾ ಕೌಶಲಕ್ಕೆ ನಾನು ಆರಿಸಿಕೊಂಡದ್ದು ಅನುಪಾತ. ಆರು ನಿಮಿಷದಲ್ಲಿ ವ್ಯಾಖ್ಯೆ, ಸೂತ್ರ, ಎರಡು ಉದಾಹರಣೆ ಎಲ್ಲವನ್ನೂ ಹೇಳಿ ಮುಗಿಸಿದೆ. ಹಿಮ್ಮಾಹಿತಿಯಲ್ಲಿ ಮೇಡಂ ಕೇಳಿದರು: "ಎಲ್ಲ ಹೇಳಿದಿರಿ. ಯಾರಿಗೆ ತಲುಪಿತು ಅಂತ ಎಲ್ಲಿ ನೋಡಿದಿರಿ?" ಉತ್ತರ ನನ್ನಲ್ಲಿರಲಿಲ್ಲ. ರಾತ್ರಿ ಕೋಣೆಗೆ ಬಂದು ಮುದ್ದೆಗೆ ಎಸರಿಟ್ಟಾಗ ಮಾತು ಅರ್ಥವಾಯಿತು. ಸಹಪಾಠಿಗಳು ತಲೆಯಾಡಿಸಿದ್ದು ಹೊರಪದರ ಬೆಂದದ್ದು ಮಾತ್ರ.

ಸೂಕ್ಷ್ಮ ಬೋಧನೆಯ ಚಕ್ರ ನಮಗೆಲ್ಲ ಬಾಯಿಪಾಠ. ಬೋಧನೆ 6 ನಿಮಿಷ, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರುಹಿಮ್ಮಾಹಿತಿ 6, ಒಟ್ಟು 36 ನಿಮಿಷ. ಇದರಲ್ಲಿ ಅತಿ ಹೆಚ್ಚು ಸಮಯ ಮರುಯೋಜನೆಗೆ ಎಂಬುದನ್ನು ನಾನು ಗಮನಿಸಿದ್ದು ಅಡುಗೆಮನೆಯಲ್ಲಿ. ಇವತ್ತು ಗಂಟಾದರೆ ನಾಳೆ ಮತ್ತೆ ಅದೇ ಮುದ್ದೆ ಮಾಡಲೇಬೇಕು, ಗೆಳೆಯರಿಬ್ಬರು ತಟ್ಟೆ ಹಿಡಿದು ಕಾಯುತ್ತಿರುತ್ತಾರೆ. ಅಲ್ಲಿ ಮರುಬೋಧನೆ ತಪ್ಪಿಸಿಕೊಳ್ಳುವಂತಿಲ್ಲ. ನನ್ನ ಮುದ್ದೆ ಸರಿಹೋಗಲು ಒಂಬತ್ತು ಸಂಜೆ ಬೇಕಾಯಿತು. ಅನುಪಾತದ ಪಾಠಕ್ಕೆ ನಾನು ಕೊಟ್ಟಿದ್ದು ಎರಡೇ ಅವಕಾಶ.

ಬಕೆಟ್ ಹಿಡಿದು ಸಾಲಿನಲ್ಲಿ

ಸಿರಿಗೆರೆಯಲ್ಲಿ ಓದಿದವರಿಗೆ ದಾಸೋಹದ ಬಗ್ಗೆ ಹೇಳಬೇಕಾಗಿಲ್ಲ. ತರಳಬಾಳು ಬೃಹನ್ಮಠದ ಹಿರಿಯ ಗುರುಗಳಾಗಿದ್ದ ಶ್ರೀ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಶ್ರದ್ಧಾಂಜಲಿ ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಸುತ್ತಲಿನ ಊರುಗಳಿಂದ ಜನ ಬರುತ್ತಾರೆ. ಮೊದಲ ವರ್ಷ ನಾನು ಬಡಿಸುವ ಸ್ವಯಂಸೇವಕರ ಗುಂಪಿಗೆ ಸೇರಿಕೊಂಡೆ. ನಿಜ ಹೇಳಬೇಕೆಂದರೆ ಸೇವಾಭಾವದಿಂದಲ್ಲ, ಗೆಳೆಯರು ಎಳೆದುಕೊಂಡು ಹೋದದ್ದರಿಂದ.

ನನ್ನ ಕೈಗೆ ಸಾರಿನ ಬಕೆಟ್ ಬಂತು. ಸಾರು ಚೆಲ್ಲಬಾರದೆಂದು ಬಕೆಟ್ಟನ್ನೇ ನೋಡುತ್ತ, ಪ್ರತಿ ಎಲೆಗೂ ಒಂದು ಸೌಟು ಹಾಕುತ್ತ ಬೇಗಬೇಗ ನಡೆದೆ. ಸಾಲಿನ ತುದಿ ಮುಟ್ಟಿದಾಗ ಅನುಭವಸ್ಥರೊಬ್ಬರು ಹಿಂದಕ್ಕೆ ಕರೆದು ತೋರಿಸಿದರು. ಒಬ್ಬ ಮುದುಕರ ಎಲೆಯಲ್ಲಿ ಅನ್ನವೇ ಬಿದ್ದಿರಲಿಲ್ಲ, ಬರಿ ಎಲೆಯ ಮೇಲೆ ಸಾರು ಹರಿಯುತ್ತಿತ್ತು. ಅವರು ಏನೂ ಹೇಳದೆ ಎರಡೂ ಕೈಯಿಂದ ಎಲೆಯ ಅಂಚನ್ನು ಎತ್ತಿ ಹಿಡಿದು ಕೂತಿದ್ದರು. "ಬಡಿಸೋನ ಕಣ್ಣು ಎಲೆ ಮೇಲಿರಬೇಕಪ್ಪಾ, ಬಕೆಟ್ ಮೇಲಲ್ಲ. ಕೇಳೋರು ಕೇಳಿ ಹಾಕಿಸ್ಕೋತಾರೆ. ಕೇಳದೇ ಇರೋರನ್ನ ನೀನೇ ನೋಡಬೇಕು" ಅಂದರು ಆ ಹಿರಿಯರು.

ಬೋಧನೆಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಮತ್ತೊಂದಿಲ್ಲ. ಪಾಠ ಯೋಜನೆ ನಮ್ಮ ಬಕೆಟ್. ಚೆಲ್ಲದಂತೆ ಹಿಡಿಯುವುದು ಅಗತ್ಯ. ಆದರೆ ಹೊಸ ಪ್ರಶಿಕ್ಷಣಾರ್ಥಿಯ ಕಣ್ಣು ಅದರ ಮೇಲೆಯೇ ನೆಟ್ಟಿರುತ್ತದೆ. ಕೈ ಎತ್ತುವ ಐದಾರು ಮಕ್ಕಳಿಗೆ ಪಾಠ ಸಿಗುತ್ತದೆ. ಎಲೆ ಎತ್ತಿ ಹಿಡಿದು ಸುಮ್ಮನೆ ಕೂತವರು ದಾಟಿಹೋಗುತ್ತಾರೆ.

ನಲವತ್ತೈದು ಲೋಟ ರವೆ

ಮೂರನೆಯದು ಪೌರತ್ವ ತರಬೇತಿ ಶಿಬಿರದ ಕಥೆ. ಅಡುಗೆ ತಂಡಕ್ಕೆ ಹೆಸರು ಕೊಡಿ ಎಂದಾಗ ಹುಡುಗರೆಲ್ಲ ಶ್ರಮದಾನ, ವೇದಿಕೆ, ಧ್ವನಿವರ್ಧಕ ಅಂತ ಹಂಚಿಕೊಂಡರು. ಅಡುಗೆ ತಾನಾಗಿಯೇ ಹುಡುಗಿಯರ ಪಾಲಾಯಿತು. ಸಹಪ್ರಶಿಕ್ಷಣಾರ್ಥಿಯೊಬ್ಬರು ನೇರವಾಗಿ ಕೇಳಿದರು: "ನಾವೂ ಪಾಠ ಕಲಿಯೋಕೇ ಬಂದಿದ್ದೀವಿ. ಸಂಜೆಯ ಚರ್ಚೆಗೆ ನಾವು ಬರೋದು ಬೇಡವಾ?" ಆ ಪ್ರಶ್ನೆಗೆ ಯಾರ ಬಳಿಯೂ ಉತ್ತರವಿರಲಿಲ್ಲ. ನಾವು ನಾಲ್ವರು ಹುಡುಗರು ಅಡುಗೆ ತಂಡಕ್ಕೆ ಬಂದೆವು.

ಉಪ್ಪಿಟ್ಟಿನ ಲೆಕ್ಕ ನನ್ನದು. ಕೋಣೆಯಲ್ಲಿ ಮೂವರಿಗೆ ಒಂದೂವರೆ ಲೋಟ ರವೆ, ನಾಲ್ಕೂವರೆ ಲೋಟ ನೀರು. ಶಿಬಿರದಲ್ಲಿ ತೊಂಬತ್ತು ಜನ, ಅಂದರೆ ಮೂವತ್ತು ಪಟ್ಟು. ನಲವತ್ತೈದು ಲೋಟ ರವೆ, ನೂರ ಮೂವತ್ತೈದು ಲೋಟ ನೀರು. ಗಣಿತದ ಪದವೀಧರನಿಗೆ ಇದಕ್ಕಿಂತ ಸುಲಭದ ನೇರ ಅನುಪಾತ ಉಂಟೇ? ಅರ್ಧ ಗಂಟೆಯ ನಂತರ ಕೊಪ್ಪರಿಗೆಯಲ್ಲಿ ಇದ್ದದ್ದು ಉಪ್ಪಿಟ್ಟಲ್ಲ, ರವೆಯ ಗಂಜಿ. ತೊಂಬತ್ತು ಜನ ಅದನ್ನು ಲೋಟದಲ್ಲಿ ಕುಡಿದು ಶ್ರಮದಾನಕ್ಕೆ ಹೋದರು. ನನ್ನ ಲೆಕ್ಕದಲ್ಲಿ ತಪ್ಪೆಲ್ಲಿ ಎಂದು ಅಂದು ಹೊಳೆಯಲಿಲ್ಲ. ಗುಣಾಕಾರವಂತೂ ಸರಿಯಾಗಿಯೇ ಇತ್ತು.

ನಾನು ಬರೆದ ಹಣೆಪಟ್ಟಿ

ಎರಡನೇ ವರ್ಷ ಇಂಟರ್ನ್‌ಶಿಪ್‌ಗೆ ಹೋದ ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ನೇರ ಮತ್ತು ವಿಲೋಮ ಅನುಪಾತ ಕಲಿಸಬೇಕಾಗಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ. ಮನೆಗೆಲಸ ತರುತ್ತಿರಲಿಲ್ಲ. ಎಬ್ಬಿಸಿ ಕೇಳಿದರೆ "ಗೊತ್ತಿಲ್ಲ ಸಾರ್" ಎಂಬುದೊಂದೇ ಉತ್ತರ. ಒಂದು ದಿನ ಎಲ್ಲರೆದುರು ಗದರಿದೆ. ಘಟಕ ಪರೀಕ್ಷೆಯಲ್ಲಿ ಅವನಿಗೆ ಇಪ್ಪತ್ತಕ್ಕೆ ನಾಲ್ಕು ಅಂಕ. ನನ್ನ ವ್ಯಕ್ತಿ ಅಧ್ಯಯನಕ್ಕೆ ವಿಷಯ ಸಿಕ್ಕಿತು ಎಂದುಕೊಂಡೆ. 'ನಿಧಾನ ಕಲಿಕೆಯ ಮಗು, ಆಸಕ್ತಿಯ ಕೊರತೆ, ಪೋಷಕರ ನಿರ್ಲಕ್ಷ್ಯ' ಎಂದು ಅಂದವಾದ ಅಕ್ಷರಗಳಲ್ಲಿ ಬರೆದೆ.

ಆ ಹೊತ್ತಿಗೆ ಮಧ್ಯಾಹ್ನದ ಬಿಸಿಯೂಟದಲ್ಲಿ ಬಡಿಸಲು ನಿಲ್ಲುವುದು ನನಗೆ ರೂಢಿಯಾಗಿತ್ತು. ಸೆಪ್ಟೆಂಬರಿನ ಬಕೆಟ್ಟೇ ಅದಕ್ಕೆ ಕಾರಣ. ಒಂದು ದಿನ ಅನ್ನ ಕಡಿಮೆಯಾಗುವ ಸೂಚನೆ ಕಂಡಿತು. ಸೌಟು ಹಿಡಿದು ನಾನು ಗಲಿಬಿಲಿಗೊಂಡೆ. ಸಾಲಿನ ಹಿಂದೆ ನಿಂತಿದ್ದ ಅದೇ ಹುಡುಗ ಮುಂದೆ ಬಂದು ಪಾತ್ರೆಯೊಳಗೆ ಒಮ್ಮೆ ಬಗ್ಗಿ ನೋಡಿದ. "ಇನ್ನು ಹದಿನೆಂಟು ಜನ ಇದೀವಿ ಸಾರ್. ಒಂದೂವರೆ ಸೌಟು ಬ್ಯಾಡ, ಒಂದೊಂದೇ ಹಾಕ್ರಿ. ಆಗುತ್ತೆ" ಅಂದ. ಆಯಿತು. ಕೊನೆಯ ತಟ್ಟೆಗೆ ಸರಿಯಾಗಿ ಒಂದು ಸೌಟು ಉಳಿಯಿತು.

"ನಿಂಗೆ ಹೇಗೋ ಗೊತ್ತಾಯ್ತು?" ಎಂದೆ.

"ಮನೇಲಿ ನಾನೇ ಅಲ್ವಾ ಸಾರ್ ಅನ್ನ ಮಾಡೋದು. ಅವ್ವ ಹೊತ್ತಿಗೆ ಮುಂಚೆನೇ ಈರುಳ್ಳಿ ಕೀಳೋಕೆ ಹೋಗ್ತಾಳೆ. ತಂಗಿಗೆ ಉಣ್ಣಾಕಿಕ್ಕಿ ಅಂಗನವಾಡಿಗೆ ಬಿಟ್ಟು ಬರ್ತೀನಿ."

ತಡವಾಗಿ ಬರುವುದಕ್ಕೆ, ಮನೆಗೆಲಸ ತಾರದ್ದಕ್ಕೆ ಕಾರಣ ಅದಾಗಿತ್ತು. ಕೇಳಿದ್ದರೆ ಮೊದಲ ವಾರವೇ ತಿಳಿಯುತ್ತಿತ್ತು. ನಾನು ಕೇಳಿರಲಿಲ್ಲ, ಬರೆದಿದ್ದೆ.

ಮಾತು ಮುಂದುವರಿಸಿ "ಐದು ಜನಕ್ಕೆ ಎಷ್ಟು ನೀರಿಡ್ತೀಯ?" ಎಂದು ಕೇಳಿದೆ. ಅವನು ತೋರುಬೆರಳು ಎತ್ತಿ ಹೆಬ್ಬೆರಳಿಂದ ಮೊದಲ ಗೆಣ್ಣು ಮುಟ್ಟಿ ತೋರಿಸಿದ. "ಅಕ್ಕಿ ಮೇಲೆ ಇಷ್ಟು ಸಾರ್." ಹತ್ತು ಜನಕ್ಕೆ? "ಆಗಲೂ ಇಷ್ಟೇ. ಜಾಸ್ತಿ ಜನ ಬಂದ್ರೆ ಪಾತ್ರೆ ದೊಡ್ಡದು ಇಡಬೇಕು ಅಷ್ಟೇ."

ಅಲ್ಲೇ ನಿಂತು ಯೋಚಿಸಿದೆ. ಅಕ್ಕಿ ಎರಡು ಪಟ್ಟಾದರೂ ಅದರ ಮೇಲಿನ ನೀರು ಅದೇ ಒಂದು ಗೆಣ್ಣು! ಅಕ್ಕಿಯ ಸಂದುಗಳನ್ನು ತುಂಬುವ ನೀರು ಅಕ್ಕಿಯ ಜೊತೆ ಹೆಚ್ಚುತ್ತದೆ. ಮೇಲಿನ ಪದರ ಹೆಚ್ಚುವುದಿಲ್ಲ. ಆವಿಯಾಗಿ ಹೋಗುವ ನೀರು ಪಾತ್ರೆಯ ಬಾಯಿಗೂ ಬೇಯುವ ಹೊತ್ತಿಗೂ ಸಂಬಂಧಿಸಿದ್ದು, ಒಳಗಿರುವ ಅಕ್ಕಿಯ ಪ್ರಮಾಣಕ್ಕೆ ತಕ್ಕಂತೆ ಏರುವಂಥದ್ದಲ್ಲ. ಶಿಬಿರದ ಉಪ್ಪಿಟ್ಟು ಗಂಜಿಯಾದದ್ದು ಇದರಿಂದಲೇ. ರವೆ ಹೀರಿಕೊಳ್ಳುವ ನೀರನ್ನು ಮೂವತ್ತು ಪಟ್ಟು ಮಾಡಿದ್ದು ಸರಿ. ಆವಿಯಾಗುವ ನೀರನ್ನೂ ಮೂವತ್ತು ಪಟ್ಟು ಮಾಡಿದ್ದೆ. ಆದರೆ ಕೊಪ್ಪರಿಗೆಯ ಬಾಯಿ ನಮ್ಮ ಕೋಣೆಯ ಬಾಣಲೆಯ ಮೂವತ್ತು ಪಟ್ಟು ಅಗಲವಿರಲಿಲ್ಲ. ನೇರ ಅನುಪಾತ ಕಲಿಸಲು ಹೋದವನಿಗೆ ಯಾವುದು ನೇರ ಅನುಪಾತವಲ್ಲ ಎಂಬುದನ್ನು ಹೇಳಿಕೊಟ್ಟದ್ದು ನಾನು 'ನಿಧಾನ ಕಲಿಕೆಯ ಮಗು' ಎಂದು ಬರೆದಿದ್ದ ಹುಡುಗ.

ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು ಅದೇ ಪಾಠವನ್ನು ಮತ್ತೆ ಮಾಡಿದೆ. ಈ ಸಲ ಉದಾಹರಣೆಗಳು ಪೆನ್ನು, ಪುಸ್ತಕಗಳ ಬೆಲೆಯಲ್ಲ, ಅವರದೇ ಬಿಸಿಯೂಟ. ಆರರಿಂದ ಎಂಟನೇ ತರಗತಿಯ ಮಗುವೊಂದಕ್ಕೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂಬುದು ನಿಗದಿತ ಪ್ರಮಾಣ. ಅದೇ ಪ್ರಮಾಣದಲ್ಲಿ 120 ಮಕ್ಕಳಿಗಾದರೆ 18 ಕೆ.ಜಿ. ಅಕ್ಕಿ, 3.6 ಕೆ.ಜಿ. ಬೇಳೆ, 9 ಕೆ.ಜಿ. ತರಕಾರಿ, 900 ಗ್ರಾಂ ಎಣ್ಣೆ. ಇದು ನೇರ ಅನುಪಾತ. 50 ಕೆ.ಜಿ. ಮೂಟೆ ಎಷ್ಟು ದಿನ ಬರುತ್ತದೆ? ಮಕ್ಕಳು ಹೆಚ್ಚಿದಷ್ಟೂ ದಿನ ಕಡಿಮೆ. ಇದು ವಿಲೋಮ ಅನುಪಾತ. ಅಡುಗೆಯವರ ಸಂಖ್ಯೆ? ಕೇಂದ್ರದ ಮಾರ್ಗಸೂಚಿಯಂತೆ 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಮುಂದಿನ ಪ್ರತಿ ನೂರರವರೆಗೆ ಇನ್ನೊಬ್ಬರು. ಇದು ಎರಡೂ ಅಲ್ಲ, ಮೆಟ್ಟಿಲು. ಕೊನೆಗೆ ನೀರು. ಒಂದು ಪಾತ್ರೆ, ಅಕ್ಕಿ, ಲೋಟ ತಂದು ಮಕ್ಕಳಿಂದಲೇ ಅಳೆಯಿಸಿದೆ. ಎರಡು ಲೋಟ ಅಕ್ಕಿಯ ಮೇಲೆ ಒಂದು ಗೆಣ್ಣು ಬರಲು ಸುಮಾರು ನಾಲ್ಕು ಲೋಟ ನೀರು ಹಿಡಿಯಿತು. ನಾಲ್ಕು ಲೋಟ ಅಕ್ಕಿಗೆ ಎಂಟು ಹಿಡಿಯಲಿಲ್ಲ, ಐದರ ಹತ್ತಿರ ನಿಂತಿತು. "ಹಾಗಾದ್ರೆ ಇದು ಅನುಪಾತ ಅಲ್ಲ ಸಾರ್" ಎಂದವರು ಮಕ್ಕಳು. ಎರಡು ಪರಿಮಾಣಗಳ ಭಾಗಲಬ್ಧ ಬದಲಾಗದೆ ಉಳಿದರೆ ಮಾತ್ರ ನೇರ ಅನುಪಾತ ಎಂಬ ವ್ಯಾಖ್ಯೆ ಆಮೇಲೆ ಕಪ್ಪುಹಲಗೆಯ ಮೇಲೆ ಬಂತು.

ಮುಂದಿನ ಪರೀಕ್ಷೆಯಲ್ಲಿ ಆ ಹುಡುಗನಿಗೆ ಒಂಬತ್ತು ಅಂಕ ಬಂತು. ತರಗತಿಗೆ ಮೊದಲಿಗನೇನೂ ಆಗಲಿಲ್ಲ. ತಡವಾಗಿ ಬರುವುದೂ ನಿಲ್ಲಲಿಲ್ಲ, ಅದು ಅವನ ಕೈಯಲ್ಲಿರಲಿಲ್ಲ. ಆದರೆ "ಗೊತ್ತಿಲ್ಲ ಸಾರ್" ಎನ್ನುವ ಮೊದಲು ಸ್ವಲ್ಪ ಹೊತ್ತು ಯೋಚಿಸುತ್ತಿದ್ದ. ನಾನು ಅವನ ಬಳಿ ಹೋಗಿ ಅಂದು ಗದರಿದ್ದು ತಪ್ಪಾಯಿತೆಂದು ಹೇಳಿದೆ. ವ್ಯಕ್ತಿ ಅಧ್ಯಯನದ ಆ ಪುಟಗಳನ್ನು ತೆಗೆದು ಹೊಸದಾಗಿ ಬರೆದೆ. ಈ ಸಲ ಹಣೆಪಟ್ಟಿ ಹಚ್ಚದೆ, ಕಂಡದ್ದನ್ನಷ್ಟೇ ಬರೆದೆ.

ಆಕ್ಷೇಪಗಳು

"ಬಿ.ಇಡಿ. ಎಂದರೆ ಅಡುಗೆ ಭಟ್ಟರ ತರಬೇತಿಯೇ?" ಎಂದು ಗೆಳೆಯರು ನಗುತ್ತಾರೆ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮ ಈಗಾಗಲೇ ಇದೆ. ನಾವು ನೇಮಕವಾಗಿ ಹೋಗುವ ಸರ್ಕಾರಿ ಶಾಲೆಯಲ್ಲಿ ಮೊದಲ ದಿನದಿಂದಲೇ ದಾಸ್ತಾನು, ಅಳತೆ, ಸ್ವಚ್ಛತೆ ನಮ್ಮ ಕಣ್ಣೆದುರಿನ ಕೆಲಸ. ಬೇಳೆ ಬೆಂದಿದೆಯೋ ಇಲ್ಲವೋ ತಿಳಿಯದವನು ರುಚಿ ನೋಡಿ ಸಹಿ ಹಾಕುವುದರಿಂದ ಮಕ್ಕಳಿಗೇನು ಪ್ರಯೋಜನ?

ಇದು ಹೊಸ ವಿಚಾರವೂ ಅಲ್ಲ. 1896ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಜಾನ್ ಡ್ಯೂಯಿ ಆರಂಭಿಸಿದ ಪ್ರಯೋಗ ಶಾಲೆಯಲ್ಲಿ ಅಡುಗೆ ಒಂದು ಪಾಠವಾಗಿತ್ತು. ತರಕಾರಿ, ಮೊಟ್ಟೆ ಬೇಯಿಸುತ್ತಲೇ ಮಕ್ಕಳು ಪಿಷ್ಟ, ಸಸಾರಜನಕದ ಗುಣಗಳನ್ನು ಕಲಿಯುತ್ತಿದ್ದರು. ಗಾಂಧೀಜಿ ಟಾಲ್‌ಸ್ಟಾಯ್ ಆಶ್ರಮದಲ್ಲಿ ಶಿಕ್ಷಕರು ಮಾಡದ ಕೆಲಸವನ್ನು ಮಕ್ಕಳಿಗೆ ಹೇಳಬಾರದೆಂಬ ಪದ್ಧತಿ ಇಟ್ಟಿದ್ದರು. 1937ರ ವಾರ್ಧಾ ಸಮ್ಮೇಳನದ ಮೂಲ ಶಿಕ್ಷಣದ ಬಗ್ಗೆ ನಾವು ಹತ್ತು ಅಂಕಗಳಿಗೆ ಉತ್ತರ ಬರೆಯುತ್ತೇವೆ. ಬರೆಯುವ ಕೈಗೆ ಮಾತ್ರ ಕೆಲಸ ತಾಗಿರುವುದಿಲ್ಲ. ನಮ್ಮ ನಾಡಿನ ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿದೆಯೆಂದು ಕಂಡು, ಹಿಂದಿರುಗಿಸಲು ಕಳಿಸಿದವಳು ಆಕೆ. ಅಳತೆ ತಿಳಿದವಳಿಗೇ ಅದು ಹೆಚ್ಚೆಂದು ಕಾಣುವುದು.

ಸಮಯವಿಲ್ಲ ಎಂಬುದು ಎರಡನೇ ಆಕ್ಷೇಪ, ಅದರಲ್ಲಿ ಹುರುಳಿದೆ. ಆದರೆ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಂತೆ ಎರಡು ವರ್ಷದಲ್ಲಿ 20 ವಾರಗಳು ಶಾಲೆಗೇ ಮೀಸಲಾಗಿವೆ. ವಾರಕ್ಕೊಂದು ಮಧ್ಯಾಹ್ನ ಕೊಡುವುದು ಭಾರವಾಗಲಾರದು. ಮೂರನೆಯದು ಎಚ್ಚರಿಕೆಯ ಮಾತು. ಈ ಹೆಸರಿನಲ್ಲಿ ಮಕ್ಕಳನ್ನು ಒಲೆಯ ಬಳಿ ಬಿಡಬಾರದು. ಅಡುಗೆ ಸಿಬ್ಬಂದಿ ಅಕ್ಕಂದಿರ ಮೇಲೆ ನಾವು ಮೇಲ್ವಿಚಾರಕರಾಗಬಾರದು, ಅವರ ಕೈಕೆಳಗೆ ಕಲಿಯುವವರಾಗಬೇಕು. ಮನೆಯ ಕಷ್ಟವನ್ನು ಕೆದಕಿ, ತರಗತಿಯಲ್ಲಿ ಉದಾಹರಣೆಯಾಗಿ ಬಳಸಲೇಬಾರದು. ಗೆಣ್ಣಿನ ಲೆಕ್ಕವನ್ನು ತರಗತಿಗೆ ತರುವ ಮೊದಲು ಆ ಹುಡುಗನನ್ನು ಕೇಳಿದ್ದೆ. ಹೆಸರು ಹೇಳಬೇಡಿ ಅಂದ. ಹೇಳಲಿಲ್ಲ, ಇಲ್ಲಿಯೂ ಹೇಳಿಲ್ಲ.

ನನ್ನ ಸಲಹೆಗಳು

ಒಂದು, ಇಂಟರ್ನ್‌ಶಿಪ್‌ನ ಪ್ರತಿ ವಾರ ಒಂದು ದಿನ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಬಿಸಿಯೂಟ ಬಡಿಸಲಿ ಮತ್ತು ಮಕ್ಕಳ ಸಾಲಿನಲ್ಲಿಯೇ ಕೂತು ಉಣ್ಣಲಿ. ಯಾರ ಪಕ್ಕ ಯಾರು ಕೂರುತ್ತಾರೆ, ಯಾರು ಒಬ್ಬರೇ ಕೂರುತ್ತಾರೆ ಎಂಬುದನ್ನು ಸಮಾಜಮಿತಿ ಪರೀಕ್ಷೆಗಿಂತ ಆ ಸಾಲೇ ಚೆನ್ನಾಗಿ ತೋರಿಸುತ್ತದೆ. ಎರಡು, ಪೌರತ್ವ ಶಿಬಿರದ ಅಡುಗೆ ಪಾಳಿಯನ್ನು ಹಾಜರಿ ಪಟ್ಟಿಯ ಕ್ರಮದಲ್ಲಿ ಹಾಕಲಿ, ಗಂಡು ಹೆಣ್ಣೆಂಬ ಭೇದ ಬೇಡ. ಮೂರು, 'ಸ್ವಯಂ ಅರಿವು' ಪತ್ರಿಕೆಯ ಕಡತಕ್ಕೆ ನನ್ನ ಸಾಮರ್ಥ್ಯಗಳು, ನನ್ನ ದೌರ್ಬಲ್ಯಗಳು ಎಂಬ ಪಟ್ಟಿಯ ಬದಲು, ತಾನು ಕೈಯಾರೆ ಮಾಡಿ ಕೆಡಿಸಿದ ಒಂದು ಕೆಲಸದ ವಿವರ ಬರೆಸಲಿ. ನಾಲ್ಕು, ಕನಿಷ್ಠ ಒಂದು ಪಾಠವನ್ನು ಅದೇ ತರಗತಿಗೆ ಎರಡನೇ ಬಾರಿ ಮಾಡುವ ಅವಕಾಶ ಇರಲಿ. ಗಂಟಾದ ಮುದ್ದೆಯನ್ನು ಎಲ್ಲರೂ ಉಂಡು ಮುಗಿಸಿದರೆ, ಮಾಡಿದವನು ಕಲಿಯುವುದಿಲ್ಲ.

ಈಗ ಊರಿಗೆ ಹೋದಾಗ ಮುದ್ದೆ ನಾನೇ ತಿರುವುತ್ತೇನೆ. ಮೊದಲ ಸಲ ಅವ್ವ ಪಕ್ಕದಲ್ಲೇ ನಿಂತು ನೋಡಿ, ಕೊನೆಗೆ "ಪರವಾಗಿಲ್ಲ, ಬೆಂದೈತೆ" ಅಂದಳು. ಬಾಡಿಗೆ ಕೋಣೆಯ ಪಾಳಿಯೂ ಮುಗಿಯುತ್ತ ಬಂತು. ಮುಂದಿನ ವರ್ಷ ಯಾವುದೋ ಶಾಲೆಯಲ್ಲಿ ಎಂಟನೇ ತರಗತಿ ನನಗಾಗಿ ಕಾದಿರುತ್ತದೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತವರು ಅಲ್ಲಿಯೂ ಇರುತ್ತಾರೆ. ಹೆಸರಿನ ಮುಂದೆ ಏನನ್ನಾದರೂ ಬರೆಯುವ ಮೊದಲು ಅವರೊಡನೆ ಒಂದು ವಾರವಾದರೂ ಊಟಕ್ಕೆ ಕೂರಬೇಕೆಂದು ನಿಶ್ಚಯಿಸಿದ್ದೇನೆ.